ಯೂನಿಫಾರ್ಮ್ ಹಾಕಿದ ಮೇಲೆ ಡಬ್ಬಿ ಹಿಡೀಬಾರದಂತೆ!

ನಮಸ್ಕಾರ ಎಲ್ಲರಿಗೂ. ವಿಮಾನದಲ್ಲಿ ಕ್ಯಾಬಿನ್ ಕ್ರೂ, ಅಂದ್ರೆ ಪ್ರಯಾಣಿಕರನ್ನು ನೋಡಿಕೊಳ್ಳುವ ಕೆಲಸ ಮಾಡುವ ನಾನು, ಡ್ಯೂಟಿಗೆ ಮನೆಯಿಂದ ಡಬ್ಬಿ ತಗೊಂಡು ಹೋಗ್ತೇನೆ ಅಂತ ಕಳೆದ ವಿಡಿಯೋದಲ್ಲಿ ಹೇಳಿದ್ದೆ. ಅದರ ಕೆಳಗೆ ಒಬ್ಬರು ಬರೆದಿದ್ದಾರೆ: "ಅಕ್ಕ, ನಿಮಗೆ ಅಲೋವೆನ್ಸ್ ಸಿಗ್ತದಲ್ವಾ? ದುಬೈವರೆಗೆ ಹೋಗಿ ರೂಮಲ್ಲಿ ಕೂತು ಅವಲಕ್ಕಿ ತಿನ್ನುದಾ? ಯೂನಿಫಾರ್ಮ್ ಹಾಕಿ ಡಬ್ಬಿ ಹಿಡ್ಕೊಂಡು ಹೋಗ್ಲಿಕ್ಕೆ ನಾಚಿಕೆ ಆಗುದಿಲ್ವಾ?" ಅದಕ್ಕೆ ಲೈಕ್ ಬೇರೆ ಬಿದ್ದಿದೆ. ಓದಿ ಮಂಡೆ ಬೆಚ್ಚ ಆಯ್ತು ಮಾರ್ರೆ.

ಆಗುದಿಲ್ಲ. ಒಂಚೂರೂ ಆಗುದಿಲ್ಲ. ಕ್ಯಾಬಿನ್ ಕ್ರೂ ಕೆಲಸದಲ್ಲಿ ಹೊಟ್ಟೆಯೂ ಕೆಡಬಾರದು, ಕಿಸೆಯೂ ಖಾಲಿ ಆಗಬಾರದು ಅಂತಿದ್ರೆ ಮನೆಯಿಂದ ಡಬ್ಬಿ ಕಟ್ಟಿಕೊಂಡು ಹೋಗಿ. ನಾನು ಹೇಳ್ಲಿಕ್ಕೆ ಇರುವುದು ಇದೊಂದೇ.

ಮೊದಲು ಅಲೋವೆನ್ಸ್ ವಿಷಯ. ಹೊರಗಿನವರಿಗೆ ಅದು ಪುಕ್ಕಟೆ ದುಡ್ಡಿನ ಹಾಗೆ ಕಾಣ್ತದೆ. ಅದು ಬೇರೆ ಊರಲ್ಲಿ ಹೊಟ್ಟೆ ತುಂಬಿಸ್ಲಿಕ್ಕೆ ಅಂತ ಕೊಡುವ ದುಡ್ಡು. ದುಬೈಯ ಒಂದು ದಿರ್ಹಮ್ ಅಂದ್ರೆ 20 ರೂಪಾಯಿಗಿಂತ ಮೇಲೆ. ಹೋಟೆಲಿನ ರೂಮ್ ಸರ್ವಿಸ್‌ಗೆ ಫೋನ್ ಮಾಡಿ ಒಂದು ಸ್ಯಾಂಡ್‌ವಿಚ್, ಒಂದು ಜ್ಯೂಸ್ ತರಿಸಿ ನೋಡಿ, ಬಿಲ್ ಬಂದಾಗ ಗೊತ್ತಾಗ್ತದೆ. ಹೊಸದಾಗಿ ಸೇರಿದವರಲ್ಲಿ ಪುತ್ತೂರು, ಕಾರ್ಕಳ, ಬಂಟ್ವಾಳ ಕಡೆಯ ಎಷ್ಟೋ ಮಕ್ಕಳು ಟ್ರೈನಿಂಗ್‌ಗೆ ಸಾಲ ಮಾಡಿ ಬಂದಿರ್ತಾರೆ. ಆ ಅಲೋವೆನ್ಸಲ್ಲಿ ಉಳಿದದ್ದು ತಮ್ಮನ ಕಾಲೇಜು ಫೀಸಿಗೆ ಹೋಗ್ತದೆ, ಅಡವಿಟ್ಟ ಅಮ್ಮನ ಬಳೆ ಬಿಡಿಸ್ಲಿಕ್ಕೆ ಹೋಗ್ತದೆ. ಅವರನ್ನು ಕಂಜೂಸ್ ಅಂತ ಕರೀಬೇಡಿ. ನನಗೆ ಸಿಟ್ಟು ಬರ್ತದೆ.

ಇನ್ನು ನನ್ನ ಡಬ್ಬಿಯಲ್ಲಿ ಏನಿರ್ತದೆ ಅಂತ ಹೇಳ್ತೇನೆ, ಕೇಳಿ. ದೊಡ್ಡ ಡಬ್ಬಿಯಲ್ಲಿ ಕೆಂಪು ಅವಲಕ್ಕಿ. ಚಿಕ್ಕದರಲ್ಲಿ ಬರೀ ಒಗ್ಗರಣೆ. ಅಮ್ಮ ತೆಂಗಿನೆಣ್ಣೆಯಲ್ಲಿ ಸಾಸಿವೆ ಸಿಡಿಸಿ, ಒಣಮೆಣಸು, ಇಂಗು, ನೆಲಗಡಲೆ ಹಾಕಿ, ಕರಿಬೇವು ಗರಿಗರಿ ಆಗುವವರೆಗೆ ಹುರಿದು, ಪೂರ್ತಿ ತಣ್ಣಗಾದ ಮೇಲೆಯೇ ಮುಚ್ಚಳ ಹಾಕುದು. ಬಿಸಿ ಇರುವಾಗ ಮುಚ್ಚಿದ್ರೆ ಬೆವರ್ತದೆ, ಮೆತ್ತಗಾಗ್ತದೆ. ಮತ್ತೊಂದು ಪೊಟ್ಟಣದಲ್ಲಿ ರಾಗಿ ಹುರಿಹಿಟ್ಟು, ಒಂದು ಅಚ್ಚು ಬೆಲ್ಲ. ಅಷ್ಟೆ. ಅಲ್ಲಿ ಇಳಿದ ಮೇಲೆ ಹೋಟೆಲ್ ಹತ್ತಿರದ ಸೂಪರ್‌ಮಾರ್ಕೆಟಲ್ಲಿ ಒಂದು ಕಪ್ ಮೊಸರು, ಎರಡು ಮುಳ್ಳುಸೌತೆ, ಬಾಳೆಹಣ್ಣು ತಗೊಳ್ಳುದು. ರೂಮಿನ ಕೆಟಲಲ್ಲಿ ನೀರು ಬಿಸಿ ಮಾಡಿ ಅವಲಕ್ಕಿಗೆ ಹಾಕಿ, ಎರಡು ನಿಮಿಷ ಬಿಟ್ಟು ನೀರು ಬಸಿದು, ಮೊಸರು ಕಲಸಿ, ಮೇಲೆ ಒಗ್ಗರಣೆ ಸುರಿದ್ರೆ ಊಟ ರೆಡಿ. ಆ ಕರಿಬೇವು ಹಲ್ಲಿಗೆ ಸಿಕ್ಕಿ ಕಟಕ್ ಅನ್ನುವಾಗ ಆಗುವ ಸಮಾಧಾನವನ್ನು ಯಾವ ಬಫೆಯೂ ಕೊಡುದಿಲ್ಲ.

"ಹಾಗಾದ್ರೆ ಗಂಜಿಯನ್ನೇ ತಗೊಂಡು ಹೋಗಿ" ಅಂತ ಇನ್ನೊಬ್ಬರು ಬರೆದಿದ್ದಾರೆ. ಕುಚ್ಚಲಕ್ಕಿ ಗಂಜಿ, ಹುರುಳಿ ಚಟ್ನಿ ನನಗೂ ಪ್ರಾಣ, ಡ್ಯೂಟಿಗೆ ಹೊರಡುವ ಮೊದಲು ಮನೆಯಲ್ಲಿ ಗಂಜಿಯೇ ಉಣ್ಣುದು. ಆದ್ರೆ ಬೇಯಿಸಿದ ಅನ್ನ ಗಂಟೆಗಟ್ಟಲೆ ಬ್ಯಾಗಲ್ಲಿ ಕೂತ್ರೆ ಅದರಲ್ಲಿ ಬ್ಯಾಕ್ಟೀರಿಯಾ ಬೆಳೀತದೆ. ಆಮೇಲೆ ಬಿಸಿ ಮಾಡಿದ್ರೂ ಅದರ ವಿಷ ಹೋಗುದಿಲ್ಲ. 1975ರಲ್ಲಿ ಟೋಕಿಯೋದಿಂದ ಪ್ಯಾರಿಸ್‌ಗೆ ಹೋಗ್ತಿದ್ದ ಜಪಾನ್ ಏರ್‌ಲೈನ್ಸ್ ವಿಮಾನದಲ್ಲಿ ಆಮ್ಲೆಟ್ ತಿಂದು ಸುಮಾರು 200 ಮಂದಿ ಹುಷಾರು ತಪ್ಪಿ ಮಲಗಿದ್ರು. ಅಡುಗೆಯವರ ಬೆರಳಲ್ಲಿ ಗಾಯ ಇತ್ತು, ಮಾಡಿಟ್ಟ ಆಮ್ಲೆಟನ್ನು ತುಂಬ ಹೊತ್ತು ತಣ್ಣಗೆ ಇಟ್ಟಿರ್ಲಿಲ್ಲ. ಇಂಥ ಅಪಾಯ ಇರುವುದರಿಂದಲೇ ಪೈಲಟ್ ಮತ್ತು ಕೋ ಪೈಲಟ್ ಬೇರೆ ಬೇರೆ ಊಟ ಮಾಡುವ ಪದ್ಧತಿ ಉಂಟು. ಅದಕ್ಕೇ ಡಬ್ಬಿಯಲ್ಲಿ ಒಣ ಪದಾರ್ಥ ಮಾತ್ರ.

ವಿಮಾನದ ಊಟವನ್ನೇ ತಿನ್ನಬಹುದಲ್ವಾ ಅಂತೀರಾ? ಮೇಲೆ ಹೋದಾಗ ಕ್ಯಾಬಿನ್ ಒಳಗಿನ ಗಾಳಿಯ ಒತ್ತಡ 6,000ದಿಂದ 8,000 ಅಡಿ ಎತ್ತರದಲ್ಲಿ ಇರುವಷ್ಟು. ನಮ್ಮ ಮುಳ್ಳಯ್ಯನಗಿರಿಯ ತುದಿಯೇ 6,300 ಅಡಿ ಚಿಲ್ಲರೆ, ನೆನಪಿಡಿ. ಗಾಳಿಯ ತೇವಾಂಶ ಶೇಕಡಾ 20ಕ್ಕಿಂತ ಕೆಳಗೆ. ಮಂಗಳೂರಿನ ಸೆಕೆಯಲ್ಲಿ ಬೆಳೆದ ನಮಗೆ ಮೂಗು, ಗಂಟಲು ಒಣಗಿ ಹೋಗ್ತದೆ. ಅಂಥ ವಾತಾವರಣದಲ್ಲಿ ಉಪ್ಪು, ಸಿಹಿ ನಾಲಿಗೆಗೆ ಶೇಕಡಾ 30ರವರೆಗೆ ಕಡಿಮೆ ಗೊತ್ತಾಗ್ತದೆ ಅಂತ ಜರ್ಮನಿಯ ಫ್ರಾನ್‌ಹೋಫರ್ ಸಂಸ್ಥೆ 2010ರಲ್ಲಿ ಲುಫ್ತಾನ್ಸಾಕ್ಕಾಗಿ ಪರೀಕ್ಷೆ ಮಾಡಿ ಹೇಳಿತ್ತು. ರುಚಿ ಬರಬೇಕಾದ್ರೆ ಉಪ್ಪು ಜಾಸ್ತಿ ಹಾಕಬೇಕು. ಪ್ರಯಾಣಿಕರಿಗೆ ಅಪರೂಪಕ್ಕೆ ಒಂದು ದಿನ, ಪರವಾಗಿಲ್ಲ. ನಮಗೆ ಅದು ದಿನನಿತ್ಯ! ಒಂದು ಕಿವಿಮಾತು: ಹೊಟ್ಟೆಯೊಳಗಿನ ಗಾಳಿಯೂ ಮೇಲೆ ಹಿಗ್ಗುತ್ತದೆ. ಹಾಗಾಗಿ ಡ್ಯೂಟಿ ದಿನ ಬೆಳಗ್ಗೆ ಗ್ಯಾಸ್ ಮಾಡುವ ಕಡ್ಲೆ ಬಜಿಲ್ (ಕಡಲೆ ಹಾಕಿದ ಅವಲಕ್ಕಿ), ಎಣ್ಣೆಯಲ್ಲಿ ಕರಿದ ಗೋಳಿಬಜೆ ಬೇಡ. ರಜೆಯಲ್ಲಿ ಬೇಕಾದಷ್ಟು ತಿನ್ನಿ.

ಕಪ್ ನೂಡಲ್ಸ್ ಸುಲಭ ಅನ್ನುವವರೂ ಇದ್ದಾರೆ. ಮೈದಾ, ಉಪ್ಪು, ಎಣ್ಣೆ. ನನ್ನ ಜೊತೆ ಹಾರ್ತಿದ್ದ ಒಬ್ಬಳು ತಂಗಿ ಲೇಓವರ್ ಪೂರ್ತಿ, ಅಂದ್ರೆ ಬೇರೆ ಊರಲ್ಲಿ ಉಳಿಯುವಷ್ಟು ಹೊತ್ತೂ, ಅದನ್ನೇ ತಿಂದು, ಕಾಫಿ ಕುಡಿದು, ವಾಪಸ್ ಬರುವಾಗ ಗ್ಯಾಲಿಯಲ್ಲಿ, ಅಂದ್ರೆ ವಿಮಾನದ ಅಡುಗೆ ಜಾಗದಲ್ಲಿ, ತಲೆ ತಿರುಗಿ ಕೂತುಬಿಟ್ಟಳು. ಪರದೆ ಎಳೆದು, ಊಟ ತಳ್ಳುವ ಗಾಡಿಯ ಮೇಲೆ ಡಬ್ಬಿ ತೆರೆದು, ಹುರಿಹಿಟ್ಟಿಗೆ ನೀರು ಬೆಲ್ಲ ಕಲಸಿ ಅವಳಿಗೆ ಕೊಟ್ಟದ್ದು ನಾನು. ಈಗ ಅವಳೂ ಡಬ್ಬಿ ತರ್ತಾಳೆ. ನಾಚಿಕೆ ಅಂತೆ! ತಲೆ ತಿರುಗಿ ಬಿದ್ರೆ ಪ್ರಯಾಣಿಕರನ್ನು ನೋಡಿಕೊಳ್ಳುವವರು ಯಾರು ಮಾರ್ರೆ?

ಮಂಗಳೂರಿನ ಬಜ್ಪೆ ಏರ್‌ಪೋರ್ಟಿಂದ ಗಲ್ಫ್‌ಗೆ ಹೋಗುವ ನಮ್ಮವರಿಗೂ ಒಂದು ಮಾತು. ಡಬ್ಬಿ ಕಟ್ಟುವಾಗ ಗಸಗಸೆ ಬೇಡ, ಮಸಾಲೆಪುಡಿಯಲ್ಲಿಯೂ ಬೇಡ. ಯುಎಇಯಲ್ಲಿ ಅದು ನಿಷಿದ್ಧ, ಸಿಕ್ಕಿಬಿದ್ರೆ ಕೇಸ್ ಆಗ್ತದೆ. ಒಣ ಕೊಬ್ಬರಿಯೂ ಬೇಡ, ಅದರ ಎಣ್ಣೆಯಿಂದ ತಾನೇ ಬಿಸಿಯಾಗಿ ಬೆಂಕಿ ಹಿಡಿಯುವ ಅಪಾಯ ಉಂಟು ಅಂತ ವಿಮಾನದಲ್ಲಿ ಬಿಡುದಿಲ್ಲ. ಚಟ್ನಿ, ಸಾಂಬಾರಿನಂಥ ನೀರು ಪದಾರ್ಥ ಕೈಚೀಲದಲ್ಲಾದ್ರೆ 100 ಎಂಎಲ್ ದಾಟಬಾರದು. ಅವಲಕ್ಕಿಗೆ ಈ ಯಾವ ರಗಳೆಯೂ ಇಲ್ಲ. ಅದಕ್ಕೇ ಹೇಳುದು!

"ಬೇರೆ ದೇಶಕ್ಕೆ ಹೋಗಿ ಅಲ್ಲಿಯ ಊಟ ರುಚಿ ನೋಡದಿದ್ರೆ ಹೇಗೆ?" ನೋಡಿ, ಯಾರು ಬೇಡ ಅಂದದ್ದು? ಒಂದು ಹೊತ್ತು ನೋಡಿ. ಮೂರು ಹೊತ್ತೂ ನೋಡಿದ್ರೆ ತಿಂಗಳ ಕೊನೆಗೆ ಕೈ ಖಾಲಿ, ವರ್ಷದ ಕೊನೆಗೆ ಯೂನಿಫಾರ್ಮ್ ಬಿಗಿ. "ಕಟ್ಟಿಕೊಳ್ಳಲಿಕ್ಕೆ ಟೈಮಿಲ್ಲ" ಅಂತೀರಾ? ರೀಲ್ಸ್ ನೋಡ್ಲಿಕ್ಕೆ ಟೈಮುಂಟು, ಅವಲಕ್ಕಿ ಡಬ್ಬಿಗೆ ತುಂಬಿಸ್ಲಿಕ್ಕೆ ಇಲ್ವಾ? ಸುಮ್ಮನೆ ಹೇಳ್ಬೇಡಿ. ಡಬ್ಬಿ ಕಟ್ಟಿ. ಸೀನಿಯರ್ ನೋಡಿ ನಗ್ತಾರಾ, ನಗಲಿ, ಅವರಿಗೂ ಒಂದು ಚಮಚ ಕೊಡಿ. ಬಾಯಿ ಮುಚ್ಚಿ ತಿಂತಾರೆ. ಡಬ್ಬಿ ಕಟ್ಟಿ, ಅಷ್ಟೆ! ಇನ್ನೆಂತ ಹೇಳುದು ನಾನು?

ಅಮ್ಮನ ಒಗ್ಗರಣೆಯ ಅಳತೆ ಡಿಸ್ಕ್ರಿಪ್ಶನಲ್ಲಿ ಹಾಕಿದ್ದೇನೆ. ನಿಮ್ಮ ಡಬ್ಬಿಯಲ್ಲಿ ಏನುಂಟು ಅಂತ ಕೆಳಗೆ ಬರೀರಿ, ಎಲ್ಲವನ್ನೂ ಓದ್ತೇನೆ. ಕ್ರೂ ಆಗ್ಬೇಕು ಅಂತಿರುವ ತಂಗಿಯಂದಿರಿಗೆ, ತಮ್ಮಂದಿರಿಗೆ ಈ ವಿಡಿಯೋ ಕಳಿಸಿ. ಸಬ್‌ಸ್ಕ್ರೈಬ್ ಮಾಡದವರು ಈಗಲೇ ಮಾಡಿ, ಬೆಲ್ ಕೂಡ ಒತ್ತಿ. ಮುಂದಿನ ವಾರ ಇಂಟರ್‌ವ್ಯೂ ತಯಾರಿ ಬಗ್ಗೆ ಮಾತಾಡುವ. ಸಿಗುವ.