ಅಡ್ವಾನ್ಸ್ ದುಡ್ಡು ಓನರ್ ದುಡ್ಡಲ್ಲ ಕಣ್ರೀ!

ನಮಸ್ಕಾರ ಎಲ್ರಿಗೂ. ಇವತ್ತಿಗೆ ಬೇರೆ ಟಾಪಿಕ್ ಇತ್ತು, ಪಕ್ಕಕ್ಕಿಟ್ಟೆ. ಹೋದ ವಿಡಿಯೋಗೆ ಬೆಂಗಳೂರಿಂದ ಒಬ್ರು ಕಾಮೆಂಟ್ ಹಾಕಿದಾರೆ, "ಸರ್, ಮೂರು ಮನೆ ಬಾಡಿಗೆಗೆ ಕೊಟ್ಟಿದೀನಿ, 6 ಲಕ್ಷ ಅಡ್ವಾನ್ಸ್ ಬಂತು, ಅದ್ರಲ್ಲೇ ಮೇಲೊಂದು ಫ್ಲೋರ್ ಎಬ್ಬಿಸ್ತಿದೀನಿ, ಸಾಲದ ತಲೆನೋವೇ ಇಲ್ಲ." ಕೆಳಗಡೆ ಜನ ಸೂಪರ್ ಸೂಪರ್ ಅಂತಿದಾರೆ. ಏನ್ರೀ ಸೂಪರ್ರು? ಅದೇ ಸಾಲ! ಬ್ಯಾಂಕ್ ಆದ್ರೆ ತಿಂಗಳು ತಿಂಗಳು ಕಂತಲ್ಲಿ ಇಸ್ಕೊಳುತ್ತೆ, ಬಾಡಿಗೆಯವ್ರು ಖಾಲಿ ಮಾಡೋ ದಿನ ಅಷ್ಟೂ ಒಂದೇ ಸಲ ಕೇಳ್ತಾರೆ.

ನಮ್ಮನೇಲೇ ಆಗಿದೆ ಇದು. 1 ಲಕ್ಷ 20 ಸಾವಿರ ಅಡ್ವಾನ್ಸು, ನೀರಿನ ಸಂಪ್‌ಗೆ, ಮೋಟರಿಗೆ ಅಂತ ನಮ್ಮಪ್ಪ ಖರ್ಚು ಮಾಡ್ಬಿಟ್ಟಿದ್ರು. ಬಾಡಿಗೆಯವ್ರು ಖಾಲಿ ಮಾಡೋ ದಿನ ಗೇಟ್ ಮುಂದೆ ಟಾಟಾ ಏಸ್ ನಿಂತಿದೆ, ಮಂಚ, ಬೀರು, ಸಿಲಿಂಡರ್ ಎಲ್ಲಾ ಲೋಡ್ ಆಗಿದೆ, ಆ ಯಮ್ಮ ಮಾತ್ರ ಕೀ ಮುಷ್ಟೀಲಿ ಹಿಡ್ಕೊಂಡು ಮೆಟ್ಟಿಲ ಮೇಲೆ ಕೂತ್ಬಿಟ್ರು, ದುಡ್ಡು ಕೊಡಿ ಹೋಗ್ತೀವಿ ಅಂತ. ಬೈಯೋಕಾಗುತ್ತಾ? ಅವ್ರ ದುಡ್ಡು! ಒಂದೂವರೆ ಲಕ್ಷದ ಚೀಟಿನ 30 ಸಾವಿರ ಬಿಟ್ಟು ಎತ್ತಿ ಕೊಟ್ವಿ. ಅದಕ್ಕೇ ಹೇಳೋದು, ಅಡ್ವಾನ್ಸ್ ನಿಮ್ಮ ದುಡ್ಡಲ್ಲ.

ಈಗ ಶುರುವಾಗುತ್ತೆ, "ಹೊಸಬ್ರ ಅಡ್ವಾನ್ಸ್ ಇಸ್ಕೊಂಡು ಹಳಬ್ರಿಗೆ ಕೊಟ್ರಾಯ್ತು". ಆಹಾ! ಮನೆ ಖಾಲಿ ಆಗಿ, ಪೇಂಟ್ ಆಗಿ, ಬಾತ್‌ರೂಮ್ ಲೀಕೇಜ್ ರಿಪೇರಿ ಆದ್ಮೇಲೆ ತಾನೇ ಹೊಸಬ್ರು ಬರೋದು? ಅದೂ ಆಷಾಢ ಬಂತೋ, ಯಾರ್ರೀ ಬಂದು ಹಾಲು ಉಕ್ಕಿಸ್ತಾರೆ? ಮೊದ್ಲು ಹತ್ತು ತಿಂಗಳ ಅಡ್ವಾನ್ಸ್ ಅಂದ್ರೆ ಮಾತಾಡ್ದೆ ಕೊಡೋರು, ಈಗ ಐದು ತಿಂಗಳದ್ದು ಅಂದ್ರೂ ಚೌಕಾಸಿ. 20 ಸಾವಿರ ಬಾಡಿಗೆ ಮನೆಗೆ 2 ಲಕ್ಷ ವಾಪಸ್ ಕೊಡ್ಬೇಕು, ಕೈಗೆ ಬರೋದು 1 ಲಕ್ಷ. ಉಳಿದಿದ್ದು? ಮೇ ತಿಂಗಳಲ್ಲಿ ಸ್ಕೂಲ್ ರಜಾ ಟೈಮಲ್ಲಿ ಎರಡು ಮನೆ ಒಟ್ಟಿಗೇ ಖಾಲಿ ಆದ್ರೆ? ಕೇಂದ್ರದವ್ರು 2021ರಲ್ಲಿ ತಂದ ಮಾದರಿ ಬಾಡಿಗೆ ಕಾಯ್ದೆಲಿ ವಾಸದ ಮನೆಗೆ ಎರಡೇ ತಿಂಗಳ ಬಾಡಿಗೆಯಷ್ಟು ಡೆಪಾಸಿಟ್ ಅಂತಿದೆ. "ಅದು ಬರೀ ಮಾದರಿ ಸಾರ್, ರಾಜ್ಯದವ್ರು ಒಪ್ಕೊಂಡ್ರೆ ಮಾತ್ರ" ಅಂತೀರ, ಇರ್ಲಿ ಬಿಡಿ, ನಿಮ್ಮದೇ ಅಗ್ರಿಮೆಂಟ್ ತೆಗೆದು ಓದಿ, ವಾಪಸ್ ಕೊಡ್ತೀನಿ ಅಂತ ಸೈನ್ ಹಾಕಿರೋದು ನೀವೇ!

ಅಡ್ವಾನ್ಸ್ ಬಂದ ದಿನಾನೇ ಎಫ್‌ಡಿ ಮಾಡಿ, ಬಡ್ಡಿ ಬೇಕಾದ್ರೆ ತಿನ್ನಿ, ಅಸಲು ಮುಟ್ಬೇಡಿ. "ಅಷ್ಟು ದುಡ್ಡು ಸುಮ್ನೆ ಇಡೋದಾ?" ಹೂಂ ಇಡೋದು! ನಿಮ್ಮ ದುಡ್ಡಲ್ಲ, ನಿಮ್ಮ ದುಡ್ಡಲ್ಲ, ಇನ್ನೆಷ್ಟು ಸಲ ಹೇಳ್ಲಿ?

ಕಾಮೆಂಟ್ ಹಾಕಿದ ಸಾರ್, ಮೋಲ್ಡ್ ಹಾಕೋಕೆ ಮುಂಚೆ ಕೆಳಗಿನ ಮೂರು ಮನೆಯವ್ರನ್ನ ಕೇಳಿ, ಯಾರ್ ಯಾವಾಗ ಖಾಲಿ ಮಾಡ್ತಾರೆ ಅಂತ. ಉತ್ತರ ಏನ್ ಬಂತು ಅಂತ ಇಲ್ಲೇ ಕೆಳಗೆ ಬರೀರಿ, ನಾನೇ ಪಿನ್ ಮಾಡ್ತೀನಿ. ಮುಂದಿನ ವಾರ ಭೋಗ್ಯದ ಬಗ್ಗೆ ಮಾತಾಡೋಣ, ಅಲ್ಲಂತೂ ಪೂರ್ತಿ ಲಕ್ಷಗಳ ಲೆಕ್ಕ, ಅದೂ ನಿಮ್ಮ ದುಡ್ಡಲ್ಲ!