ಪ್ರಶ್ನಾವಳಿಗೂ ಮೊದಲು ಖಾಲಿ ಕೋಷ್ಟಕ

ನಮಸ್ಕಾರ. ಸಮಾಜ ವಿಜ್ಞಾನದ ಸಂಶೋಧನಾ ವಿಧಾನ ಕಲಿಯೋರಿಗೆ ಮೊದಲು ಸಿಗೋದು ವ್ಯಾಖ್ಯಾನಗಳು. ಸಂಶೋಧನೆ ಎಂದರೇನು, ಅದರ ವಿಧಗಳೆಷ್ಟು, ಲಕ್ಷಣಗಳೇನು. ಪರೀಕ್ಷೆ ಮುಗಿಯುತ್ತೆ, ಪ್ರಾಜೆಕ್ಟ್ ಶುರುವಾಗುತ್ತೆ, ವಿದ್ಯಾರ್ಥಿ ನೇರವಾಗಿ ಪ್ರಶ್ನಾವಳಿ ಬರೆಯೋಕೆ ಕೂರ್ತಾನೆ. ಈ ಕ್ರಮವೇ ತಪ್ಪು ಅನ್ನೋದು ನನ್ನ ಖಚಿತ ಅಭಿಪ್ರಾಯ. ಪ್ರಶ್ನಾವಳಿಗೆ ಕೈ ಹಾಕೋ ಮೊದಲು, ಕೊನೆಗೆ ವರದಿಯಲ್ಲಿ ಬರಬೇಕಾದ ಕೋಷ್ಟಕವನ್ನ ಖಾಲಿಯಾಗೇ ಬರೆದುಕೊಳ್ಳಬೇಕು. ಅಂಕಿ ಬೇಡ. ಗೆರೆಗಳು, ತಲೆಬರಹಗಳು ಇದ್ದರೆ ಸಾಕು.

‘ವಿದ್ಯಾರ್ಥಿಗಳ ಮೇಲೆ ಸಾಮಾಜಿಕ ಜಾಲತಾಣಗಳ ಪ್ರಭಾವ’ ಅಂತ ಇಟ್ಟುಕೊಳ್ಳಿ. ಇದಿನ್ನೂ ವಿಷಯ ಅಷ್ಟೇ, ಪ್ರಶ್ನೆ ಆಗಿಲ್ಲ. ಯಾವ ವಿದ್ಯಾರ್ಥಿಗಳು? ಪ್ರಭಾವ ಯಾವುದರ ಮೇಲೆ, ಓದಿನ ಮೇಲಾ, ನಿದ್ದೆ ಮೇಲಾ? ‘ಪದವಿಯ ಮೊದಲ ವರ್ಷದವರಲ್ಲಿ ಜಾಲತಾಣದಲ್ಲಿ ಹೆಚ್ಚು ಹೊತ್ತು ಕಳೆಯೋರು ಕಡಿಮೆ ನಿದ್ದೆ ಮಾಡ್ತಾರಾ?’ ಈಗ ಪ್ರಶ್ನೆ ಆಯ್ತು. ಕೋಷ್ಟಕ ಬರೀರಿ. ಮೇಲ್ಗಡೆ ಬಳಕೆಯ ಅವಧಿ: ಒಂದು ಗಂಟೆಗಿಂತ ಕಡಿಮೆ, ಒಂದರಿಂದ ಮೂರರೊಳಗೆ, ಮೂರು ಮತ್ತು ಅದಕ್ಕಿಂತ ಹೆಚ್ಚು. ಎಡಗಡೆ ನಿದ್ದೆ, ಅದಕ್ಕೂ ಮೂರು ಗುಂಪು. ಒಟ್ಟು 9 ಮನೆ.

ಈ ಖಾಲಿ ಮನೆಗಳೇ ಕೆಲಸ ಶುರು ಮಾಡ್ತವೆ. ನೂರು ಜನರನ್ನ ಕೇಳಿದರೆ ಒಂದು ಮನೆಗೆ ಸರಾಸರಿ 11 ಜನ. ಗೈಡ್ ‘ಹುಡುಗರು, ಹುಡುಗಿಯರು ಬೇರೆ ಬೇರೆ ತೋರಿಸಿ’ ಅಂದ ತಕ್ಷಣ 18 ಮನೆ ಆಗುತ್ತೆ, ಒಂದೊಂದಕ್ಕೂ ಐದಾರು ಜನ. ಜನ ಎಲ್ಲ ಮನೆಗೂ ಸಮನಾಗಿ ಹಂಚಿಕೆ ಆಗಲ್ಲ, ಕೆಲವು ಮನೆಗಳಲ್ಲಿ ಒಬ್ಬರೋ ಇಬ್ಬರೋ ಉಳೀತಾರೆ. ಎರಡು ಅಂಶಗಳಿಗೆ ಸಂಬಂಧ ಇದೆಯಾ ಅಂತ ನೋಡೋ ಕೈ-ವರ್ಗ (chi-square) ಪರೀಕ್ಷೆಗೆ ಒಂದು ರೂಢಿಯ ನಿಯಮ ಇದೆ: ನಿರೀಕ್ಷಿತ ಸಂಖ್ಯೆ, ಅಂದರೆ ಸಂಬಂಧವೇ ಇಲ್ಲದಿದ್ದರೆ ಆ ಮನೆಗೆ ಬರಬೇಕಾದ ಸಂಖ್ಯೆ, 5ಕ್ಕಿಂತ ಕಡಿಮೆ ಇರೋ ಮನೆಗಳು ಶೇ 20ನ್ನು ಮೀರಬಾರದು. ಈ ನೂರು ಜನರ 18 ಮನೆ ಕೋಷ್ಟಕ ಈ ನಿಯಮದಲ್ಲೇ ಸೋಲೋ ಸಾಧ್ಯತೆ ಹೆಚ್ಚು. ಇದು ಪೆನ್ಸಿಲ್ ಹಿಡಿದಾಗಲೇ ಗೊತ್ತಾದರೆ ಗುಂಪು ಕಡಿಮೆ ಮಾಡಬಹುದು, ಇಲ್ಲವೇ ಹೆಚ್ಚು ಜನರನ್ನ ಸೇರಿಸಬಹುದು. ದತ್ತಾಂಶ ಎಲ್ಲಾ ಎಸ್‌ಪಿಎಸ್‌ಎಸ್ ಅನ್ನೋ ಅಂಕಿಅಂಶ ತಂತ್ರಾಂಶಕ್ಕೆ ಹಾಕಿದ ಮೇಲೆ ಗೊತ್ತಾದರೆ ಗುಂಪುಗಳನ್ನ ಒಟ್ಟು ಸೇರಿಸೋದು ಬಿಟ್ಟು ಬೇರೆ ಸುಲಭ ದಾರಿ ಇರಲ್ಲ.

ಹಾಗಾದರೆ ಸಾವಿರ ಜನರನ್ನ ಕೇಳಿಬಿಟ್ಟರೆ ಸರಿಹೋಗುತ್ತಾ? ಇಲ್ಲ. 1936ರ ಅಮೆರಿಕದ ಅಧ್ಯಕ್ಷೀಯ ಚುನಾವಣೆ ನೋಡಿ. ಲಿಟರರಿ ಡೈಜೆಸ್ಟ್ ಪತ್ರಿಕೆ ಯಾರಿಗೆ ಮತ ಹಾಕ್ತೀರಿ ಅಂತ ಕೇಳೋಕೆ ಸುಮಾರು ಒಂದು ಕೋಟಿ ಸಮೀಕ್ಷೆಯ ಮತಚೀಟಿ ಅಂಚೆಯಲ್ಲಿ ಕಳಿಸಿತು, 20 ಲಕ್ಷಕ್ಕೂ ಹೆಚ್ಚು ವಾಪಸ್ ಬಂದವು. ಗೆಲ್ಲೋದು ರಿಪಬ್ಲಿಕನ್ ಅಭ್ಯರ್ಥಿ ಲ್ಯಾಂಡನ್ ಅಂತ ಪತ್ರಿಕೆ ಹೇಳಿತು. ಆದರೆ ಎದುರಾಳಿ ರೂಸ್‌ವೆಲ್ಟ್ 48 ರಾಜ್ಯಗಳಲ್ಲಿ 46ನ್ನು ಗೆದ್ದರು. ವಿಳಾಸಗಳು ಬಹುಪಾಲು ಟೆಲಿಫೋನ್ ಮತ್ತು ಕಾರು ಇದ್ದವರ, ಅಂದರೆ ಆಗಿನ ಉಳ್ಳವರ, ಪಟ್ಟಿಗಳಿಂದ ಬಂದಿದ್ದವು. ಜೊತೆಗೆ, ಉತ್ತರ ಕಳಿಸಿದವರಿಗೂ ಕಳಿಸದವರಿಗೂ ವ್ಯತ್ಯಾಸ ಇತ್ತು. ಇವತ್ತು ಗೂಗಲ್ ಫಾರ್ಮ್ ಲಿಂಕನ್ನ ವಾಟ್ಸ್‌ಆ್ಯಪ್ ಗುಂಪುಗಳಿಗೆ ಹಾಕಿ ‘ದಯವಿಟ್ಟು ಶೇರ್ ಮಾಡಿ’ ಅನ್ನೋದು ಇದೇ ದಾರಿ. ನಮ್ಮ ಉದಾಹರಣೆಯಲ್ಲಂತೂ ಜಾಲತಾಣ ಅಷ್ಟಾಗಿ ನೋಡದವರ ಕೈಗೆ ಆ ಲಿಂಕ್ ತಲುಪೋದೇ ಕಷ್ಟ. ಮೊದಲ ಕಂಬಸಾಲು ಖಾಲಿ ಉಳಿಯುತ್ತೆ.

ಹಾಜರಿ ಪಟ್ಟಿ ತಗೊಳ್ಳಿ, ಹೆಸರುಗಳಿಗೆ ಕ್ರಮಸಂಖ್ಯೆ ಕೊಡಿ, ಯಾದೃಚ್ಛಿಕ (ಲಾಟರಿ ಎತ್ತಿದ ಹಾಗೆ ಬರೋ) ಸಂಖ್ಯೆಗಳಿಂದ ಆರಿಸಿ. ಆರಿಸಿದವರು ಸಿಗಲಿಲ್ಲ ಅಂತ ಪಕ್ಕದಲ್ಲಿದ್ದವರನ್ನ ಕೇಳಬೇಡಿ, ಮತ್ತೆ ಹೋಗಿ. 400 ಜನರಿದ್ದರೆ ಶೇ 95ರ ವಿಶ್ವಾಸ ಮಟ್ಟದಲ್ಲಿ ದೋಷದ ಅಂತರ (ಮಾದರಿಯ ಉತ್ತರ ನಿಜದಿಂದ ಆಚೀಚೆ ಹೋಗಬಹುದಾದ ಪ್ರಮಾಣ) ಸುಮಾರು 5 ಶೇಕಡಾಂಶ ಅಂತ ಪುಸ್ತಕಗಳು ಹೇಳೋದು ಇಂಥ ಸರಳ ಯಾದೃಚ್ಛಿಕ ಮಾದರಿಗೆ ಮಾತ್ರ. ಅದನ್ನ ಅರ್ಧಕ್ಕೆ ಇಳಿಸಬೇಕಾದರೆ 1600 ಜನ ಬೇಕು. ವಾಟ್ಸ್‌ಆ್ಯಪ್‌ನಲ್ಲಿ ಬಂದ 400 ಉತ್ತರಗಳಿಗೆ ಆ ಲೆಕ್ಕ ಅನ್ವಯಿಸೋದೇ ಇಲ್ಲ. ಅದನ್ನ ವರದಿಯಲ್ಲಿ ಬರೆದು ಓದುಗರ ದಾರಿ ತಪ್ಪಿಸಬಾರದು.

ಇಷ್ಟಾದ ಮೇಲೆ ಪ್ರಶ್ನೆಗಳು. ‘ನೀವು ಸಾಮಾನ್ಯವಾಗಿ ಎಷ್ಟು ಹೊತ್ತು ಮೊಬೈಲ್ ನೋಡ್ತೀರಿ?’ ಅಂದರೆ ಜನ ಅಂದಾಜು ಹೇಳ್ತಾರೆ. ‘ನಿನ್ನೆ’ ಅಂತ ಕೇಳಿ, ಆಗೋದಾದರೆ ಫೋನ್‌ನಲ್ಲೇ ದಾಖಲಾದ ಬಳಕೆ ಸಮಯ ನೋಡಿ ಬರೆದುಕೊಳ್ಳಿ. ‘1–3’, ‘3–5’ ಅಂತ ಆಯ್ಕೆ ಕೊಟ್ಟರೆ ಸರಿಯಾಗಿ ಮೂರು ಗಂಟೆ ನೋಡಿದವರು ಎಲ್ಲಿಗೆ ಹೋಗಬೇಕು? ‘ಜಾಲತಾಣದಿಂದ ನಿಮ್ಮ ಓದು ಮತ್ತು ನಿದ್ದೆ ಹಾಳಾಗಿದೆಯೇ?’ ಅನ್ನೋದು ಎರಡು ಪ್ರಶ್ನೆ, ಅದರಲ್ಲಿ ಉತ್ತರವನ್ನೂ ಸೂಚಿಸಿಬಿಟ್ಟಿದ್ದೀರಿ. ಪದ ಬದಲಾದರೆ ಉತ್ತರ ಬದಲಾಗುತ್ತೆ ಅನ್ನೋದು 1941ರಲ್ಲೇ ದಾಖಲಾಗಿದೆ: ಪ್ರಜಾಪ್ರಭುತ್ವದ ವಿರುದ್ಧ ಭಾಷಣಕ್ಕೆ ಅಮೆರಿಕ ‘ಅವಕಾಶ ಕೊಡಬೇಕೇ’ ಅಂದಾಗ ಬೇಡ ಅಂದವರು ಶೇ 62, ‘ನಿಷೇಧಿಸಬೇಕೇ’ ಅಂದಾಗ ಹೌದು ಅಂದವರು ಶೇ 46.

‘ಯಾಕೆ’, ‘ಹೇಗೆ’ ಅನ್ನೋ ಪ್ರಶ್ನೆಗಳಿಗೆ ಕೋಷ್ಟಕ ಒಗ್ಗಲ್ಲ, ಅಲ್ಲಿ ಕೂತು ಮಾತಾಡಿಸೋ ಆಳ ಸಂದರ್ಶನವೇ ಸರಿ. ಅದರ ಬಗ್ಗೆ ಬೇರೆಯದೇ ಸಂಚಿಕೆ ಮಾಡಬೇಕು.

ಪ್ರಶ್ನಾವಳಿ ಸಿದ್ಧವಾದ ಮೇಲೆ ಹತ್ತು ಹದಿನೈದು ಜನರ ಮೇಲೆ ಪೈಲಟ್, ಅಂದರೆ ಮುಂಚಿತ ಪ್ರಯೋಗ, ಮಾಡಿ. ಉತ್ತರಕ್ಕಿಂತ ಮುಖ್ಯವಾಗಿ, ‘ಈ ಪ್ರಶ್ನೆ ಏನು ಕೇಳ್ತಾ ಇದೆ, ನಿಮ್ಮ ಮಾತಲ್ಲಿ ಹೇಳಿ’ ಅನ್ನಿ. ಒಂದೇ ಪ್ರಶ್ನೆಗೆ ಮೂರು ಜನ ಮೂರು ಅರ್ಥ ಹೇಳಿದರೆ ಅದನ್ನ ತಿದ್ದಲೇಬೇಕು. ಈ ಜನರನ್ನ ಮುಖ್ಯ ಮಾದರಿಗೆ ಸೇರಿಸಬೇಡಿ. ಯಾವ ಖಾಲಿ ಮನೆಗೂ ಉತ್ತರ ತರದ ಪ್ರಶ್ನೆಯನ್ನ ಕಿತ್ತುಹಾಕಿ, ಎಷ್ಟೇ ಚೆನ್ನಾಗಿರಲಿ.

ಯಾವ ಉತ್ತರಕ್ಕೆ ಯಾವ ಅಂಕಿ ಅನ್ನೋ ಸಂಕೇತಪಟ್ಟಿಯನ್ನೂ ಆಗಲೇ ಬರೆದಿಡಿ. ಉತ್ತರ ಕೊಡದವರಿಗೆ 0 ಹಾಕಬೇಡಿ, ಅದು ‘ಸೊನ್ನೆ ಗಂಟೆ’ ಆಗಿಬಿಡುತ್ತೆ. 99 ಹಾಕಿದರೆ, ಅದು ‘ಉತ್ತರವಿಲ್ಲ’ ಅಂತ ತಂತ್ರಾಂಶಕ್ಕೂ ಹೇಳಿ. ಇಲ್ಲದಿದ್ದರೆ ಸರಾಸರಿ ತೆಗೆಯೋವಾಗ ಅದು ಆ ವಿದ್ಯಾರ್ಥಿಯ ಒಂದು ದಿನದ ಬಳಕೆಯನ್ನ 99 ಗಂಟೆ ಅಂತಲೇ ಕೂಡಿಸುತ್ತೆ.