ಹೆಜ್ಜೆಗಾಗಿ ಕಾಯುವ ಪದ

ಗುರುಗಳೇ, ಕನ್ನಡ ವಿಭಾಗದ ವಿದ್ಯಾರ್ಥಿಗಳೇ, ಎಲ್ಲರಿಗೂ ನಮಸ್ಕಾರ.

ಸಿನಿಮಾದ ಹಂಗಿಲ್ಲದೆ ಸ್ವಂತ ಹಾಡು ಕಟ್ಟಿ ಹಾಡುವವನು ಯಾರಿಂದ ಕಲಿತ, ಎಲ್ಲೆಲ್ಲಿ ಹಾಡಿದ, ವೇದಿಕೆಯ ಮೇಲೆ ಹೇಗೆ ನಿಲ್ಲುತ್ತಾನೆ, ಇದರ ಬಗ್ಗೆ ಮಾತನಾಡಿ ಎಂದು ನಿಮ್ಮ ಸಂಘದವರು ಕೇಳಿದರು. ಎರಡು ದಿನ ಯೋಚಿಸಿದೆ. ಎಲ್ಲಿಂದ ಹೊರಟರೂ ನನ್ನ ನೆನಪು ಒಂದೇ ಜಾಗಕ್ಕೆ ಹೋಗಿ ನಿಲ್ಲುತ್ತದೆ. ಯಕ್ಷಗಾನದ ರಂಗಸ್ಥಳದ ಹಿಂಬದಿಯಲ್ಲಿ, ಪದ ಹಾಡಿ ಆಟ ನಡೆಸುವ ಭಾಗವತರು ಕೂರುವ ಆ ಎತ್ತರದ ಪೀಠಕ್ಕೆ.

ಕೈಯಲ್ಲಿ ಗಿಟಾರ್ ನೋಡಿದವರು ನನ್ನಿಂದ ಪರದೇಶದ ಬ್ಯಾಂಡುಗಳ ಹೆಸರು ಕೇಳಲು ಕಾಯುತ್ತಾರೆ. ಅವುಗಳನ್ನೂ ಕೇಳಿದ್ದೇನೆ, ಮೆಚ್ಚಿದ್ದೇನೆ. ಆದರೆ ನನ್ನ ಕಿವಿ ತೆರೆದದ್ದು ಕಾಸರಗೋಡಿನ ಪೆರ್ಲದ ಗದ್ದೆಗಳಲ್ಲಿ. ಯಕ್ಷಗಾನದ ಆಟ ಇರುವ ದಿನ ಸಂಜೆ, ಆಟವಿದೆ ಎಂದು ಸಾರುವ ಕೇಳಿ ಬಡಿದರೆ ಚೆಂಡೆಯ ಸದ್ದು ಗುಡ್ಡದಾಚೆಗೂ ಮುಟ್ಟುತ್ತಿತ್ತು. ಅಜ್ಜ ಚಾಪೆ ಸುತ್ತಿ ಕಂಕುಳಿಗೆ ಇಟ್ಟುಕೊಂಡರೆ ನಮಗೆ ಊಟ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಪತ್ತನಾಜೆಯವರೆಗೆ, ಅಂದರೆ ಮೇ ತಿಂಗಳ ಕೊನೆಯ ತನಕ, ಮೇಳಗಳು ಹೀಗೆ ಊರೂರು ತಿರುಗುತ್ತಿದ್ದವು.

ನಮ್ಮ ಪಕ್ಕದ ಪಡ್ರೆಯಲ್ಲಿ ಹುಟ್ಟಿದ ಬಲಿಪ ನಾರಾಯಣ ಭಾಗವತರ ಹೆಸರು ಕೇಳದವರು ಇಲ್ಲಿ ಇರಲಾರರು. 2023ರಲ್ಲಿ ಅವರು ತೀರಿಕೊಂಡಾಗ ನಾನು ಒಂದು ವಾರ ಗಿಟಾರ್ ಮುಟ್ಟಲಿಲ್ಲ. ಅವರ ಅಜ್ಜನ ಹೆಸರೂ ಬಲಿಪ ನಾರಾಯಣ ಭಾಗವತರೇ. ಅಜ್ಜನಿಂದ ಮೊಮ್ಮಗನಿಗೆ ಇಳಿದ ಆ ಏರುಶ್ರುತಿಯ ಹಾಡಿಕೆಗೆ ಬಲಿಪ ಶೈಲಿ ಎಂದೇ ಹೆಸರಾಯಿತು. ಸ್ವರ ಮೇಲೇರಿದಾಗಲೂ ಪದದ ಅಕ್ಷರ ಒಡೆಯದಿರುವುದು ಅವರ ಹಾಡಿನಲ್ಲಿ ನನಗೆ ಸಿಕ್ಕಿದ ದೊಡ್ಡ ಪಾಠ. ಕೊನೆಯ ಚಾಪೆಯಲ್ಲಿ ಕೂತ ಅಜ್ಜಿಗೂ ಸಾಹಿತ್ಯ ತಿಳಿಯಬೇಕು. ನಾನು ಹೊಸ ಹಾಡು ಕಟ್ಟಿದಾಗ ಮೊದಲು ಅಂಗಳದಲ್ಲಿ ನಿಂತು ಮೈಕಿಲ್ಲದೆ ಹಾಡುತ್ತೇನೆ. ದನದ ಕೊಟ್ಟಿಗೆಯಿಂದ ಅಮ್ಮನಿಗೆ ಯಾವ ಶಬ್ದ ಕೇಳಲಿಲ್ಲವೋ ಆ ಶಬ್ದವನ್ನು ಬದಲಾಯಿಸುತ್ತೇನೆ.

ಈಗ ಒಂದು ರಾತ್ರಿಯ ವಿಷಯ ಹೇಳಬೇಕು. ನನಗೆ ಹನ್ನೆರಡು ವರ್ಷ ಇರಬಹುದು. ನಿದ್ದೆ ತಡೆಯಲಾರದೆ ಎದ್ದು ರಂಗಸ್ಥಳದ ಪಕ್ಕಕ್ಕೆ ಹೋಗಿ ನಿಂತಿದ್ದೆ. ಅಭಿಮನ್ಯುವಿನ ಪುಂಡುವೇಷ, ಅಂದರೆ ತರುಣ ವೀರನ ವೇಷ. ಆ ಹುಡುಗ ಸುತ್ತು ತಿರುಗಿ ಜಿಗಿಯುವ ಧೀಂಗಿಣ ಹಾಕುತ್ತಿದ್ದ, ಒಂದರ ಹಿಂದೆ ಒಂದು. ಜನರ ಕಣ್ಣೆಲ್ಲ ಅವನ ಮೇಲೆ. ನಾನು ನಿಂತ ಕಡೆಯಿಂದ ಭಾಗವತರ ಮುಖ ಕಾಣುತ್ತಿತ್ತು. ಅವರು ಸಭೆಯನ್ನು ನೋಡುತ್ತಿರಲಿಲ್ಲ. ಅವರ ದೃಷ್ಟಿ ಆ ಹುಡುಗನ ಹಿಮ್ಮಡಿಯ ಮೇಲಿತ್ತು. ಪದ ಮುಗಿಯುವ ಹಂತಕ್ಕೆ ಬಂದಿತ್ತು. ಜಾಗಟೆಯ ಕೋಲು ಮುಕ್ತಾಯಕ್ಕೆ ಎದ್ದಿತ್ತು. ಅಷ್ಟರಲ್ಲಿ ಹುಡುಗನ ಕಾಲು ಇನ್ನೊಂದು ಸುತ್ತಿಗೆ ತಿರುಗಿತು. ಕೋಲು ಗಾಳಿಯಲ್ಲೇ ತಡೆಯಿತು, ಭಾಗವತರು ಅದೇ ಸಾಲನ್ನು ಮತ್ತೆ ಎತ್ತಿಕೊಂಡರು, ನಿಂತು ಬಾರಿಸುತ್ತಿದ್ದ ಚೆಂಡೆಯವರು ಅವರ ಮುಖವನ್ನೂ ನೋಡದೆ ಜೊತೆಗೂಡಿದರು. ಹುಡುಗ ನೆಲಕ್ಕೆ ಕಾಲೂರಿದ ಕ್ಷಣಕ್ಕೇ ಜಾಗಟೆ ಬಿತ್ತು. ಸಭೆಯಲ್ಲಿದ್ದವರಿಗೆ ಇದು ಮೊದಲೇ ಗೊತ್ತುಮಾಡಿದ ಹಾಗೆ ಕಂಡಿರಬೇಕು. ಪದ ಹೆಜ್ಜೆಗಾಗಿ ಕಾಯುತ್ತದೆ ಎಂದು ನನಗೆ ಅಂದು ತಿಳಿಯಿತು. ಭಾಗವತನನ್ನು ಮೊದಲನೆಯ ವೇಷಧಾರಿ ಎನ್ನುವುದು ಯಾಕೆ ಎಂದೂ ತಿಳಿಯಿತು.

ತಿಳಿದದ್ದನ್ನು ಒಮ್ಮೆ ಮರೆತೆ. ಗಡಿಯಾಚೆಯ ಒಂದು ಊರಿನ ಉತ್ಸವದಲ್ಲಿ ಸಂಘಟಕರು ಖರ್ಚು ಉಳಿಸಲು ಚೆಂಡೆಯವರು ಬೇಡ, ಮೊದಲೇ ಮುದ್ರಿಸಿದ ವಾದ್ಯದ ಟ್ರ್ಯಾಕ್ ಹಾಕಿ ಹಾಡಿ ಎಂದರು. ಒಪ್ಪಿಕೊಂಡೆ. ಮೂರನೆಯ ಹಾಡಿಗೆ ಮುಂದಿನ ಸಾಲಿನಲ್ಲಿದ್ದ ವಯಸ್ಸಾದವರೊಬ್ಬರು ಪಲ್ಲವಿಗೆ ದನಿಗೂಡಿಸಿದರು. ಒಳ್ಳೆಯ ಕಂಠ, ಸ್ವಲ್ಪ ನಿಧಾನ. ಅರ್ಧ ಆವರ್ತ ನಿಂತಿದ್ದರೆ ಸಾಕಿತ್ತು. ಟ್ರ್ಯಾಕ್ ನಿಲ್ಲಲಿಲ್ಲ. ಅದರ ಹಿಂದೆ ನಾನು ಓಡಿದೆ. ಆ ಹಿರಿಯರು ಒಂದೆರಡು ಸಲ ಹಿಡಿಯಲು ನೋಡಿ ಸುಮ್ಮನಾದರು. ಅವರ ಬಾಯಿ ಮುಚ್ಚಿಕೊಂಡದ್ದು ಈಗಲೂ ಕಣ್ಣಿಗೆ ಕಟ್ಟುತ್ತದೆ. ಅಂದಿನಿಂದ ಟ್ರ್ಯಾಕಿಗೆ ಹಾಡಿಲ್ಲ. ಕಾರ್ಯಕ್ರಮಗಳು ಕಡಿಮೆಯಾದವು, ಆಗಲಿ.

ಮೊಗ್ರಾಲಿನ ರಾತ್ರಿ ಇದಕ್ಕೆ ತದ್ವಿರುದ್ಧ. ಮೊಗ್ರಾಲ್ ಮಲಬಾರಿನ ಮುಸ್ಲಿಮರ ಮಾಪ್ಪಿಳ ಹಾಡುಗಳ ಊರು, ಆ ಹಾಡುಗಳ ಧಾಟಿಗೆ ಇಶಲ್ ಎನ್ನುತ್ತಾರೆ, ಊರಿಗೇ ಇಶಲ್ ಗ್ರಾಮ ಎಂಬ ಹೆಸರಿದೆ. ಅಲ್ಲಿ ನನ್ನದೇ ಎಂದು ನಂಬಿದ್ದ ಒಂದು ಕನ್ನಡ ಹಾಡನ್ನು ಹಾಡಿದೆ. ಮುಗಿದ ಮೇಲೆ ಮುದುಕಿಯೊಬ್ಬರು ಮೊಮ್ಮಗಳ ಕೈಹಿಡಿದು ವೇದಿಕೆಯ ಬಳಿ ಬಂದು, "ಮಗನೇ, ಈ ಇಶಲ್ ನಿನಗೆ ಯಾರು ಕೊಟ್ಟರು?" ಎಂದು ಮಲಯಾಳದಲ್ಲಿ ಕೇಳಿದರು. ಕೇಳಿ, ಅದೇ ಧಾಟಿಯಲ್ಲಿ ತಮ್ಮ ಮದುವೆಯ ಕಾಲದ ಹಾಡೊಂದನ್ನು ನಾಲ್ಕು ಸಾಲು ಹಾಡಿದರು. ನನಗೆ ಮೈ ಜುಮ್ಮೆಂದಿತು. ಚಿಕ್ಕಂದಿನಲ್ಲಿ ನಮ್ಮ ನೆರೆಯ ಮನೆಯ ನಿಖಾದ ಹಿಂದಿನ ದಿನ ಹೆಂಗಸರು ಕೈತಟ್ಟಿ ಹಾಡುತ್ತಿದ್ದರು, ಬೇಲಿಯ ಈಚೆ ನಾವು ಆಡುತ್ತಿದ್ದೆವು. ಕಿವಿ ಅದನ್ನು ತೆಗೆದಿಟ್ಟುಕೊಂಡಿತ್ತು. ಆ ಮುದುಕಿ ಬರದಿದ್ದರೆ ನನ್ನ ಒಬ್ಬ ಗುರುವಿನ ಗುರುತೇ ನನಗೆ ಸಿಗುತ್ತಿರಲಿಲ್ಲ. ಈಗ ಆ ಹಾಡನ್ನು ಎಲ್ಲಿ ಹಾಡಿದರೂ ಧಾಟಿ ಮೊಗ್ರಾಲಿನದು ಎಂದು ಹೇಳಿಯೇ ಹಾಡುತ್ತೇನೆ.

ಬೆಂಗಳೂರಿನಲ್ಲಿ ಹಾಡಿದಾಗ ಕೇರಳದವರಲ್ಲವೇ, ಒಂದು ಮಲಯಾಳಂ ಹಾಡಿ ಎನ್ನುತ್ತಾರೆ. ಕೊಚ್ಚಿಯಲ್ಲಿ ಕನ್ನಡಿಗರೆಂದು ಪರಿಚಯಿಸುತ್ತಾರೆ. ಕಾಸರಗೋಡನ್ನು ಕೇರಳಕ್ಕೆ ಸೇರಿಸಿದ 1956ರ ನವೆಂಬರ್ 1ರ ಗೆರೆ ನಮ್ಮ ತಲೆಯ ಮೇಲೆ ಹಾಗೆ ಬಿದ್ದಿದೆ. ನನ್ನ ಹಾಡು ಕನ್ನಡದಲ್ಲೇ ಇರುತ್ತದೆ. ಅದರಲ್ಲಿ ರಾಜಿ ಇಲ್ಲ. ಹಾಡುಗಳ ನಡುವಿನ ಮಾತು ಮಾತ್ರ ಎದುರಿಗೆ ಕೂತವರ ಭಾಷೆಯಲ್ಲಿ, ತುಳುವೋ ಮಲಯಾಳವೋ ಕನ್ನಡವೋ. ಇದನ್ನು ಕಲಿತದ್ದು ತಾಳಮದ್ದಳೆಯಿಂದ. ಮಳೆಗಾಲದಲ್ಲಿ ಮೇಳಗಳು ತಿರುಗಾಟ ನಿಲ್ಲಿಸಿದಾಗ ಮನೆಯ ಜಗಲಿಯಲ್ಲಿ, ದೇವಸ್ಥಾನದ ಸಭಾಂಗಣದಲ್ಲಿ ತಾಳಮದ್ದಳೆ ನಡೆಯುತ್ತದೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿ ಕೂತಲ್ಲಿಯೇ ಅದನ್ನು ಮಾತಿನಲ್ಲಿ ಬೆಳೆಸುತ್ತಾನೆ. ಪದಕ್ಕೂ ಅರ್ಥಕ್ಕೂ ನಡುವೆ ಒಂದು ಉಸಿರಿನಷ್ಟು ಮೌನ ಇರುತ್ತದೆ. ಆ ಮೌನಕ್ಕಾಗಿ ನಾನು ವೇದಿಕೆಯಲ್ಲಿ ತುಂಬಾ ಕಷ್ಟಪಡುತ್ತೇನೆ.

ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮೀಜಿಯವರ ಹೆಸರನ್ನು ಕಾನೂನು ಓದುವವರು 1973ರ ಸುಪ್ರೀಂ ಕೋರ್ಟಿನ ತೀರ್ಪಿನಿಂದ ಬಲ್ಲರು. ನಮ್ಮ ಸೀಮೆಗೆ ಅವರು ಹಾಡುಗಾರರೂ ಹೌದು, ಭಾಗವತಿಕೆಯನ್ನೂ ಮಾಡುತ್ತಿದ್ದರು. ಸಂಗೀತವನ್ನು ಇಷ್ಟು ಹತ್ತಿರ ಇಟ್ಟುಕೊಂಡ ನೆಲ ಇದು.

ಇನ್ನು ಉಡುಪು. ರಘು ದೀಕ್ಷಿತರು ಲುಂಗಿಯುಟ್ಟು ಕಾಲಿಗೆ ಗೆಜ್ಜೆ ಕಟ್ಟಿ ಶಿಶುನಾಳ ಶರೀಫರ ತತ್ವಪದಗಳನ್ನು ಗಿಟಾರಿಗೆ ಹಾಡುತ್ತಾ 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದವರೆಗೆ ಹೋದರು. ಅದನ್ನು ನೋಡಿದ ಹೊಸ ಹುಡುಗರು ಲುಂಗಿಯನ್ನು ಹಿಡಿದುಕೊಂಡರು. ದೀಕ್ಷಿತರು ಭರತನಾಟ್ಯ ಕಲಿತವರು, ಗೆಜ್ಜೆ ಅವರ ಕಾಲಿಗೆ ಮೊದಲೇ ಪರಿಚಿತ. ನಾನು ಕುಣಿತ ಕಲಿತವನಲ್ಲ, ಹಾಗಾಗಿ ಗೆಜ್ಜೆ ಕಟ್ಟುವುದಿಲ್ಲ. ಬಿಳಿ ಪಂಚೆ, ತೋಳು ಮಡಚಿದ ಅಂಗಿ, ಅಷ್ಟೇ. ವೇದಿಕೆಯ ನಟ್ಟನಡುವೆ ನಿಲ್ಲದೆ ಒಂದು ಗೇಣು ಹಿಂದೆ, ಬಲಕ್ಕೆ ಮದ್ದಳೆ, ಎಡಕ್ಕೆ ಚೆಂಡೆ. ಬೆಳಕನ್ನು ನನ್ನ ಮುಖಕ್ಕೆ ಹಾಕಬೇಡಿ, ಜನರ ಕಡೆ ಸ್ವಲ್ಪ ಬಿಡಿ ಎಂದು ಲೈಟಿನವರನ್ನು ಕೇಳಿಕೊಳ್ಳುತ್ತೇನೆ. ಕತ್ತಲಲ್ಲಿ ಕೂತವರ ತುಟಿ ನನಗೆ ಕಾಣುವುದಿಲ್ಲ.

ಇಲ್ಲಿಯೂ ಹಾಗೆಯೇ ಕೇಳಿಕೊಂಡಿದ್ದೇನೆ, ದೀಪಗಳನ್ನು ಆರಿಸಬೇಡಿ. ಶ್ರುತಿ ಹಾರ್ಮೋನಿಯಂ ಮನೆಯ ಕಪ್ಪು ಒಂದು. ಮೊದಲು ಮೊಗ್ರಾಲಿನ ಧಾಟಿಯ ಹಾಡು. ಪೆರ್ಲದ ಕೊನೆಯ ಬಸ್ಸಿಗೆ ಹೋಗುವವರು ಬಾಗಿಲ ಬಳಿ ಕೂತುಕೊಳ್ಳಿ. ಪಲ್ಲವಿ ಬಾಯಿಗೆ ಬಂದವರು ದನಿಗೂಡಿಸಿ, ನಿಧಾನವಾದರೂ ಪರವಾಗಿಲ್ಲ.